ಶರೀಫಜ್ಜನ ಪದಕ್ಕೆ ಮೊಮ್ಮಗನ ಗಿಟಾರು



ಉಪ್ಪಿನಕಾಯಿಗೆ ಬೂಷ್ಟು ಬಾರದಂತೆ ಏನು ಮಾಡಬೇಕು, ಊಟಕ್ಕೆ ಹಟ ಮಾಡುವ ಮಗುವಿಗೆ ಏನು ಉಪಾಯ ಎಂಬ ಪತ್ರಗಳ ನಡುವೆ ಈ ಸಲ ಬೇರೆ ಬಗೆಯ ಒಂದು ಪತ್ರ ಬಂದಿದೆ. ಬರೆದವರು ರಾಣೇಬೆನ್ನೂರು ತಾಲ್ಲೂಕಿನ ಕುಪ್ಪೇಲೂರಿನ ಗೃಹಿಣಿ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಅವರ ಅತ್ತೆಯವರು ಮದುವೆಯಾಗಿ ಆ ಊರಿಗೆ ಬಂದ ವರ್ಷದಿಂದಲೂ ಓಣಿಯ ಭಜನಾ ಮಂಡಳಿಯಲ್ಲಿ ಹಾಡುವವರು. ಶಿಶುನಾಳ ಶರೀಫರ ಪದಗಳನ್ನು ಪುಸ್ತಕ ಮುಟ್ಟದೆ ಬೆಳಗಿನ ತನಕ ಹಾಡಬಲ್ಲರಂತೆ. ಮಗ ದಾವಣಗೆರೆಯಲ್ಲಿ ಓದುತ್ತಿದ್ದಾನೆ. ರಜೆಗೆ ಬಂದವನು ಒಂದು ಸಂಜೆ ಮೊಬೈಲಿನಲ್ಲಿ ಗಿಟಾರು, ಡ್ರಮ್ಮು ಕೂಡಿದ ಶರೀಫರ ಹಾಡು ಹಚ್ಚಿದ. ಅಜ್ಜಿ ದೇವರ ಮನೆಯಿಂದ ಎದ್ದು ಬಂದರು.

"ಶರೀಫಜ್ಜನ ಪದಕ್ಕ ಈ ಗದ್ದಲ ಯಾಕಲೇ? ಬಂದ್ ಮಾಡು."

"ಅಜ್ಜಿ, ಇದೂ ನೀ ಹಾಡೂ ಪದಾನ ಐತಿ, ಕೇಳಿ ನೋಡಬೇ."

ಅಜ್ಜಿ ಕೇಳಲಿಲ್ಲ. ಹುಡುಗ ಅಂದಿನಿಂದ ಕಿವಿಗೆ ವಯರು ಸಿಕ್ಕಿಸಿಕೊಂಡು ಕೂತಿದ್ದಾನೆ. ಮಾತು ಕಡಿಮೆಯಾಗಿದೆ. ಇಷ್ಟಕ್ಕೇ ಮುಗಿಯಲಿಲ್ಲ. ಶ್ರಾವಣದ ಕಡೆಯ ಸೋಮವಾರ ಮಂಡಳಿಯವರ ಭಜನೆ ಇದೆ. ಅಲ್ಲಿ ತಾನೂ ಗಿಟಾರು ಹಿಡಿದು ಕೂಡುತ್ತೇನೆ ಎಂದು ಅವನು ಕೇಳಿದ್ದಾನೆ. "ಗಿಟಾರ ಒಳಗ ಬಂತಂದ್ರ ನಾ ಹೊರಗ" ಎಂದು ಅಜ್ಜಿ ಹೇಳಿಬಿಟ್ಟಿದ್ದಾರೆ. ನಡುವೆ ಸಿಕ್ಕಿಕೊಂಡ ಸೊಸೆ ನನಗೆ ಬರೆಯುತ್ತಾರೆ: "ನಾ ಯಾರ ಕಡೆ ಮಾತಾಡ್ಲಿ ಹೇಳ್ರಿ. ಆ ಹಾಡು ಎಲ್ಲಾ ನೀವ ಒಂದ್ಸಲ ಕೇಳ್ರಿ. ಯಾವುದು ಚಲೋ, ಯಾವುದು ಬ್ಯಾಡ ಅಂತ ನಂಬರ್ ಹಾಕಿ ಕೊಡ್ರಿ. ಅತ್ತಿಯವರು ನಿಮ್ಮ ಪುಟ ತಪ್ಪದ ಓದ್ತಾರ."

ಅತ್ತೆಯವರು ಓದುತ್ತಾರೆಂದರೆ ಹೆದರಿಕೆಯೇ. ಆದರೂ ಒಂದು ವಾರ ಅಡುಗೆಮನೆಯಲ್ಲಿ, ತರಕಾರಿ ಹೆಚ್ಚುವಾಗ, ರೊಟ್ಟಿ ಬಡಿಯುವಾಗ ಅದನ್ನೇ ಹಚ್ಚಿಕೊಂಡು ಕೇಳಿದ್ದೇನೆ.

ಹುಡುಗ ಕೇಳುತ್ತಿರುವುದು ರಘು ದೀಕ್ಷಿತ್ ಅವರ ಮೊದಲ ಆಲ್ಬಮ್ಮು. 2008ರಲ್ಲಿ ಬಂದದ್ದು. ರಘು ಮೈಸೂರಿನಲ್ಲಿ ಬೆಳೆದವರು, ಭರತನಾಟ್ಯ ಕಲಿತವರು, ಸೂಕ್ಷ್ಮಜೀವಿ ವಿಜ್ಞಾನದಲ್ಲಿ ಚಿನ್ನದ ಪದಕ ಪಡೆದವರು. ಆಮೇಲೆ ಎಲ್ಲ ಬಿಟ್ಟು ಗಿಟಾರು ಹಿಡಿದರು. ವೇದಿಕೆಯ ಮೇಲೆ ಬಣ್ಣಬಣ್ಣದ ಲುಂಗಿ ಉಟ್ಟು ಕಾಲಿಗೆ ಗೆಜ್ಜೆ ಕಟ್ಟಿಕೊಂಡು ನಿಲ್ಲುತ್ತಾರೆ. 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲೂ ಹಾಡಿ ಬಂದರು. ಈ ಆಲ್ಬಮ್ಮಿನಲ್ಲಿ ಎಂಟು ಹಾಡು. ಹಿಂದಿ ಉಂಟು, ಇಂಗ್ಲಿಷು ಉಂಟು. ಕನ್ನಡದ್ದು ಎರಡೇ, ಎರಡೂ ಶರೀಫರವು.

ಶರೀಫರ ಊರು ಶಿಶುನಾಳ ನಿಮ್ಮ ಹಾವೇರಿ ಜಿಲ್ಲೆಯದೇ, ಶಿಗ್ಗಾಂವಿ ತಾಲ್ಲೂಕಿನದು. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಆ ಮಹಾನುಭಾವರ ಪದ ಲಂಡನ್ನಿನ ತನಕ ಹೋಗಿ ಮೊಬೈಲಿನಲ್ಲಿ ಕೂತು ಕುಪ್ಪೇಲೂರಿಗೆ ವಾಪಸು ಬಂದರೆ ಪಡಸಾಲೆಯಲ್ಲೇ ಜಗಳ ಹುಟ್ಟಿತಲ್ಲ!

ನಂಬರು ಹಾಕುವ ಮೊದಲು ಒಂದೆರಡು ಮಾತು. ಹುಡುಗ ಇದನ್ನು "ಹೆವಿ ಮೆಟಲ್" ಎಂದು ಹೇಳಿದನೆಂದು ಪತ್ರದಲ್ಲಿದೆ. ಅದು ಪೂರ್ತಿ ಸರಿಯಲ್ಲ. ರಘು ಅವರದು ಜಾನಪದ ಕೂಡಿದ ರಾಕ್ ಸಂಗೀತ. ಹೆವಿ ಮೆಟಲ್ ಎಂದರೆ ಇದಕ್ಕಿಂತ ಎಷ್ಟೋ ಪಾಲು ಭಾರ. ಜಾತ್ರೆಯಲ್ಲಿ ಲೌಡ್‌ಸ್ಪೀಕರನ್ನು ಅದರ ಶಕ್ತಿ ಮೀರಿ ಏರಿಸಿದಾಗ ಸ್ವರ ಒಡೆದು ಗರಗರ ಎನ್ನುತ್ತದಲ್ಲ, ವಿದ್ಯುತ್ ಗಿಟಾರಿನಲ್ಲಿ ಆ ಗರಗರವನ್ನು ಬೇಕೆಂದೇ ಹುಟ್ಟಿಸಿ ಅದಕ್ಕೆ ರಾಗ, ಲಯ ಕೂಡಿಸುತ್ತಾರೆ. ಹಾಡುವವರು ಕೆಲವೊಮ್ಮೆ ಗುಡುಗಿದ ಹಾಗೆ, ಗೊಗ್ಗರು ದನಿಯಲ್ಲಿ ಕೂಗುತ್ತಾರೆ.

ಇದು ಎಲ್ಲಿ ಹುಟ್ಟಿತು ಗೊತ್ತೇ? ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಎಂಬ ಕಾರ್ಖಾನೆಗಳ ಊರಿನಲ್ಲಿ. ಟೋನಿ ಅಯೋಮಿ ಎಂಬ 17 ವರ್ಷದ ಹುಡುಗ ತಗಡಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಕೆಲಸ ಬಿಡುವ ಕಡೆಯ ದಿನ ಮಧ್ಯಾಹ್ನ ಊಟಕ್ಕೆ ಬಂದವನು ಇನ್ನು ಹೋಗುವುದಿಲ್ಲ ಎಂದ. ಒಪ್ಪಿಕೊಂಡ ಕೆಲಸ ಮುಗಿಸಿ ಬಾ ಎಂದು ತಾಯಿ ಕಳಿಸಿದರು. ಆ ಮಧ್ಯಾಹ್ನವೇ ಯಂತ್ರಕ್ಕೆ ಸಿಕ್ಕು ಅವನ ಎರಡು ಬೆರಳಿನ ತುದಿ ಹೋದವು. ಹುಡುಗ ಗಿಟಾರು ಬಿಡಲಿಲ್ಲ. ಪಾತ್ರೆ ತೊಳೆಯುವ ಸೋಪಿನ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ, ಮೇಲೆ ಚರ್ಮದ ತುಂಡು ಅಂಟಿಸಿಕೊಂಡ. ನೋವಾಗದಿರಲೆಂದು ಮುಂದೆ ತಂತಿಗಳನ್ನೂ ಸಡಿಲಿಸಿಕೊಂಡ. ಸಡಿಲ ತಂತಿಯಿಂದ ದನಿ ತಗ್ಗಾಗಿ, ಭಾರವಾಗಿ ಹೊರಟಿತು. 1970ರಲ್ಲಿ ಬಂದ ಅವರ 'ಬ್ಲ್ಯಾಕ್ ಸಬ್ಬತ್' ತಂಡದ ಆಲ್ಬಮ್ಮಿನಿಂದಲೇ ಈ ಸಂಗೀತ ಶುರು ಎಂದು ಬಲ್ಲವರು ಲೆಕ್ಕ ಹಿಡಿಯುತ್ತಾರೆ. ಆ ತಾಯಿಯ ಹೊಟ್ಟೆಯ ಸಂಕಟ ಎಷ್ಟಿದ್ದೀತು ಎಂದು ನಾನು ಎರಡು ದಿನ ಯೋಚಿಸಿದೆ.

ಈ ಭಾರದ ಸಂಗೀತಕ್ಕೆ ನೆಲದ ಹಾಡು ಕೂಡಿಸಿದವರೂ ಇದ್ದಾರೆ. ಬ್ರೆಜಿಲ್ ದೇಶದ 'ಸೆಪುಲ್ತುರಾ' ಎಂಬ ತಂಡ. ಹೆಸರಿನ ಅರ್ಥ ಗೋರಿ! ಹೆಸರು ಕೇಳಿ ಹೆದರಬೇಡಿ. 1996ರಲ್ಲಿ ಅವರು 'ರೂಟ್ಸ್', ಅಂದರೆ 'ಬೇರುಗಳು' ಎಂಬ ಆಲ್ಬಮ್ಮು ತಂದರು. ಅದಕ್ಕಾಗಿ ಮಾತೊ ಗ್ರೊಸೊ ಪ್ರಾಂತ್ಯದಲ್ಲಿರುವ ಶವಾಂತೆ ಎಂಬ ಮೂಲನಿವಾಸಿಗಳ ಹಳ್ಳಿಗೇ ಹೋಗಿ, ಅವರೊಂದಿಗೆ ನೆಲದ ಮೇಲೆ ಕೂತು, ಅವರ ದನಿಯಲ್ಲೇ ಅವರ ಹಾಡನ್ನು ತುಂಬಿಕೊಂಡು ಬಂದರು. ಆ ಹಾಡಿನ ಹೆಸರು 'ಇತ್ಸಾರಿ'. ಶವಾಂತೆ ಮಾತಿನಲ್ಲಿ ಅದಕ್ಕೂ ಬೇರು ಎಂದೇ ಅರ್ಥ. ಆ ಆಲ್ಬಮ್ಮಿಗೂ ನಂಬರು ಹಾಕಿ ಎಂದರೆ ನಾನು ಕಣ್ಣು ಮುಚ್ಚಿ 'ಇತ್ಸಾರಿ'ಯನ್ನು ಮೊದಲು ಇಡುತ್ತೇನೆ. ಗರಗರವಿಲ್ಲ, ಅರಚಾಟವಿಲ್ಲ. ಗಂಡಸರು ಒಟ್ಟಾಗಿ ಕಾಲು ತಟ್ಟುತ್ತ ಹಾಡುವ ದನಿ, ಪಕ್ಕದಲ್ಲಿ ಮೆಲ್ಲನೆ ಗಿಟಾರು. ನಿಮ್ಮ ಕಡೆ ಡೊಳ್ಳಿನವರು ಸುತ್ತುಗಟ್ಟಿ ನಿಂತು ಮೊದಲ ಪೆಟ್ಟಿಗೆ ಮುಂಚೆ ಉಸಿರು ಹಿಡಿಯುತ್ತಾರಲ್ಲ, ಅದೇ ನೆನಪಾಗುತ್ತದೆ. ಎರಡನೆಯದು 'ರತಮಹತ್ತಾ', ತಾಳವಾದ್ಯದ ಕಾರ್ಲಿನ್ಹೋಸ್ ಬ್ರೌನ್ ಎಂಬವರು ಕೂಡಿ ಹಾಡಿದ್ದು. ಅರ್ಥ ತಿಳಿಯದಿದ್ದರೂ ಕೈ ತಾನೇ ತಾಳ ಹಾಕುತ್ತದೆ. ರಬ್ಬರು ಹಾಲು ಇಳಿಸುವ ಬಡವರ ಪರವಾಗಿ ನಿಂತು 1988ರಲ್ಲಿ ಕೊಲೆಯಾದ ಚಿಕೊ ಮೆಂಡೆಸ್ ಅವರನ್ನು ನೆನೆವ 'ಆಂಬುಷ್' ಮೂರನೆಯದು. ಉಳಿದವನ್ನು ಪೂರ್ತಿ ಕೇಳುವ ಶಕ್ತಿ ನನ್ನ ಕಿವಿಗಿಲ್ಲ. ಹುಡುಗರಿಗಿದೆ, ಕೇಳಿಕೊಳ್ಳಲಿ. ಕಿವಿಯ ವಯರು ಹಾಕಿಕೊಂಡಾಗ ಮಾತ್ರ ಪಕ್ಕದಲ್ಲಿ ನಿಂತು ಕರೆದರೆ ಕೇಳಿಸುವಷ್ಟು ಸಣ್ಣದಾಗಿಟ್ಟುಕೊಳ್ಳಲಿ. ಕಿವಿಯ ಒಳಗಿನ ನವಿರಾದ ಕೋಶಗಳು ಒಮ್ಮೆ ಹಾಳಾದರೆ ಮತ್ತೆ ಹುಟ್ಟುವುದಿಲ್ಲ.

ಈ ದೂರದ ಕತೆ ಏಕೆ ಹೇಳಿದೆನೆಂದರೆ, ಅಲ್ಲಿ ಹಾಡಿನ ಒಡೆಯರೇ ಹಾಡಿನೊಳಗೆ ಕೂತಿದ್ದಾರೆ. ಅವರ ದನಿ ಇದೆ. ಶರೀಫರ ದನಿ ನಮಗೆ ಸಿಕ್ಕಿಲ್ಲ. ಅವರು ತೀರಿಕೊಂಡಾಗ ನಮ್ಮ ಕಡೆ ದನಿ ಹಿಡಿದಿಡುವ ಯಂತ್ರ ಎಲ್ಲಿತ್ತು? ಹಾಗಾದರೆ ಆ ಪದಗಳು ಇಲ್ಲಿಯ ತನಕ ಹೇಗೆ ಬಂದವು? ಏಕತಾರಿ ಹಿಡಿದವರು, ಭಜನೆಯವರು, ಕಳೆ ತೆಗೆಯುತ್ತ, ಬೀಸುತ್ತ ಹಾಡಿಕೊಂಡ ಹೆಂಗಸರು, ಹೀಗೆ ಬಾಯಿಂದ ಬಾಯಿಗೆ. ಪುಸ್ತಕ, ಕ್ಯಾಸೆಟ್ಟು, ಶಿವಮೊಗ್ಗ ಸುಬ್ಬಣ್ಣ, ಸಿ. ಅಶ್ವಥ್, 1990ರ ನಾಗಾಭರಣರ ಸಿನಿಮಾ ಎಲ್ಲ ಆಮೇಲಿನವು. ಕುಪ್ಪೇಲೂರಿನ ಅತ್ತೆಯವರು ಆ ಸಾಲಿನಲ್ಲಿ ಒಬ್ಬರು. ಅವರಿಗೆ ಸಿಟ್ಟು ಬಂದರೆ ಅದು ಹಳೇ ಕಾಲದವರ ಸಿಡುಕು ಎಂದು ತಳ್ಳಿಹಾಕುವಂಥದಲ್ಲ. ತಮ್ಮ ಮನೆಯ ಪೆಟ್ಟಿಗೆಯಲ್ಲಿ ಇಟ್ಟು ಕಾಯ್ದ ಸೀರೆಯನ್ನು ಯಾರೋ ಕೇಳದೆ ಉಟ್ಟುಕೊಂಡು ಬಂದರೆ ಹೇಗನಿಸುತ್ತದೆ? ಮಗನೇ, ನೀನೂ ಈ ಪುಟ ಓದುತ್ತಿದ್ದರೆ ಇದನ್ನು ಗಮನಿಸು. ಅಜ್ಜಿಗೆ ಕೇಳಿಸುವುದಕ್ಕೆ ಮೊದಲು ಅಜ್ಜಿಯನ್ನು ಕೇಳಬೇಕಿತ್ತು.

ಅತ್ತೆಯವರಿಗೂ ಒಂದು ಮಾತು, ಸಣ್ಣವಳೆಂದು ಕ್ಷಮಿಸಿ. ನಿಮ್ಮ ಮಂಡಳಿಯಲ್ಲಿ ಪೇಟಿ ಇದೆಯಲ್ಲವೇ? ಹಾರ್ಮೋನಿಯಂ ನಮ್ಮದಲ್ಲ, ಯುರೋಪಿನಿಂದ 19ನೆಯ ಶತಮಾನದಲ್ಲಿ ಬಂದದ್ದು. ಅದು ನಮ್ಮ ಸಂಗೀತಕ್ಕೆ ಒಗ್ಗದು ಎಂದು ಆಕಾಶವಾಣಿಯವರು 1940ರಿಂದ 1971ರ ತನಕ ಅದನ್ನು ಒಳಗೇ ಬಿಟ್ಟಿರಲಿಲ್ಲ. ಈಗ ಪೇಟಿ ಇಲ್ಲದ ಭಜನೆ ಉಂಟೇ? ಪಿಟೀಲೂ ಹಾಗೇ ಬಂದು ಕಚೇರಿಯಲ್ಲಿ ಕಾಲು ಮಡಚಿ ಕೂತಿತು. ಇನ್ನು ಶರೀಫರ ಮಾತೇ ತೆಗೆದುಕೊಳ್ಳಿ. ಮುಸಲ್ಮಾನರ ಮನೆಯ ಹುಡುಗ ಕಳಸದ ಗೋವಿಂದ ಭಟ್ಟರಿಗೆ ಶಿಷ್ಯನಾದಾಗ ಎರಡೂ ಕಡೆಯ ಹಿರಿಯರು ಮುನಿದರು ಎಂದೇ ಕತೆ ಹೇಳುತ್ತಾರೆ. ಗುರು ಲೆಕ್ಕಿಸಲಿಲ್ಲ, ಶಿಷ್ಯ ಬಿಡಲಿಲ್ಲ.

ಸರಿ, ನಂಬರಿಗೆ ಬರೋಣ. ನನ್ನ ಅಳತೆ ಮೂರು. ಪದದ ಮಾತು ಕಿವಿಗೆ ಬಿಡಿಬಿಡಿಯಾಗಿ ಬೀಳಬೇಕು, ಏಕೆಂದರೆ ತತ್ವಪದದಲ್ಲಿ ಮಾತೇ ಜೀವ. ಮಂಡಳಿಯವರು ಕೈತಾಳ ಹಾಕಿ ಕೂಡಿಕೊಳ್ಳುವಂತಿರಬೇಕು. ಮೊಬೈಲು ಬಂದ್ ಮಾಡಿದ ಮೇಲೂ ಪಾತ್ರೆ ತೊಳೆಯುವಾಗ ಬಾಯಲ್ಲಿ ಉಳಿಯಬೇಕು.

ಮೊದಲನೆಯದು 'ಸೋರುತಿಹುದು ಮನಿಯ ಮಾಳಿಗಿ'. ಇದರಲ್ಲಿ ನನಗೆ ಎರಡನೆಯ ಯೋಚನೆಯೇ ಬರಲಿಲ್ಲ. ಪಟ್ಟಣದ ಹುಡುಗರಿಗೆ ಮಾಳಿಗೆ ಎಂದರೆ ಮೇಲಿನ ಅಂತಸ್ತು. ನಿಮಗೆ ಗೊತ್ತು, ಮಾಳಿಗೆ ಮನೆ ಎಂದರೆ ತೊಲೆ, ಜಂತೆ, ಅದರ ಮೇಲೆ ಕಟ್ಟಿಗೆಯ ಸೀಳು, ಎಲ್ಲದರ ಮೇಲೆ ಗೇಣುಗಟ್ಟಲೆ ಮಣ್ಣು. ಮಳೆಗಾಲಕ್ಕೆ ಮುಂಚೆ ಹುಲ್ಲು ಕಿತ್ತು, ಇಲಿ ಬಿಲ ಮುಚ್ಚಿ, ಹೊಸ ಮಣ್ಣು ಹಾಕಿ ತುಳಿಯದಿದ್ದರೆ ಮುಗಿಯಿತು. ಸಿಮೆಂಟಿನ ಛತ್ತು ಬಂದ ಮೇಲೆ ಈ ಕಷ್ಟ ಅನೇಕ ಮನೆಗಳಲ್ಲಿ ಮರೆತುಹೋಗಿದೆ, ಕೆಲವು ಮನೆಗಳಲ್ಲಿ ಇನ್ನೂ ಇದೆ. ಮಳೆ ಹಿಡಿದ ರಾತ್ರಿ ಮೊದಲ ಹನಿ ಎಲ್ಲಿ ಬೀಳುತ್ತದೆ ಎಂದು ಯಾರಿಗೆ ಗೊತ್ತಿರುತ್ತದೆ? ಮನೆಯ ಹೆಂಗಸಿಗೆ. ಜೋಳದ ಚೀಲ ಎಳೆದು ಪಕ್ಕಕ್ಕಿಡುವವಳು, ಮಲಗಿದ ಮಗುವನ್ನು ಒಣ ಮೂಲೆಗೆ ಸರಿಸುವವಳು, ಬೋಗುಣಿ, ಕೊಡ, ಪರಾತ ಒಂದೊಂದೇ ತಂದು ಹನಿಯ ಕೆಳಗೆ ಇಡುವವಳು ಅವಳು. ಮೇಲೆ ಹತ್ತಿ ಮಣ್ಣು ಹಾಕಬೇಕಾದವರು ಮಾತ್ರ ನಾಳೆ ನೋಡೋಣ ಎಂದು ಮಗ್ಗುಲು ಬದಲಿಸಿರುತ್ತಾರೆ.

ಶರೀಫರ ಪದದಲ್ಲಿ ಸೋರುವ ಮನೆ ಈ ದೇಹ, ಈ ಬಾಳು. ಸೋರುವುದಕ್ಕೆ ಕಾರಣ ಅಜ್ಞಾನ. ಕತ್ತಲೆಯಲ್ಲಿ ಮೇಲೆ ಹತ್ತುವ ಧೈರ್ಯವಿಲ್ಲ, ಹತ್ತಿ ನೋಡುವವರೂ ಇಲ್ಲ. ತತ್ವ ಹೇಳಲು ಆಕಾಶ, ಸಮುದ್ರ ಹುಡುಕದೆ, ಹೆಣ್ಣುಮಕ್ಕಳು ರಾತ್ರಿ ನಿದ್ದೆಗೆಟ್ಟು ಬಲ್ಲ ಸಂಗತಿಯನ್ನೇ ಎತ್ತಿಕೊಂಡರಲ್ಲ, ಅದಕ್ಕೇ ಈ ಪದ ಭಜನೆಯಲ್ಲಿ ಹೆಂಗಸರ ಬಾಯಲ್ಲಿ ಅಷ್ಟು ಚೆನ್ನಾಗಿ ಕೂಡುತ್ತದೆ. ರಘು ಅವರು ಇದನ್ನು ಅವಸರ ಮಾಡದೆ ಹಾಡಿದ್ದಾರೆ. ವಾದ್ಯ ಮಾತಿನ ಮೇಲೆ ಹತ್ತಿ ಕೂಡುವುದಿಲ್ಲ. ಮೈಸೂರು ಕಡೆಯ ನಾಲಿಗೆಯಾದರೂ ನಿಮ್ಮ ಕಡೆಯ 'ಮನಿ', 'ಮಾಳಿಗಿ'ಗಳನ್ನು ತಿದ್ದಿ ಪುಸ್ತಕದ ಕನ್ನಡ ಮಾಡಲು ಹೋಗಿಲ್ಲ. ಒಂದೇ ಒಂದು ಆಕ್ಷೇಪಣೆ ನನ್ನದು. ದನಿಯಲ್ಲಿ ದುಃಖ ತುಸು ಹೆಚ್ಚಾಯಿತು. ಭಜನೆಯವರು ಇದನ್ನು ಹಾಡುವಾಗ ದುಃಖದ ಜೊತೆ ಒಂದು ಗೇಲಿಯೂ ಇರುತ್ತದೆ: ಸೋರುತ್ತಿದೆ ನೋಡು, ಮಲಗಿದ್ದೀಯಲ್ಲ, ಏಳು ಎನ್ನುವ ಗೇಲಿ. ಅದನ್ನು ಅಜ್ಜಿಯಿಂದಲೇ ಕಲಿಯಬೇಕು, ಆಲ್ಬಮ್ಮಿನಲ್ಲಿ ಸಿಗದು.

ಎರಡನೆಯದು 'ಗುಡುಗುಡಿಯಾ ಸೇದಿ ನೋಡೋ'. ಹುಡುಗ ಇದನ್ನೇ ಮೊದಲು ಇಡುತ್ತಾನೆ, ನನಗೆ ಗೊತ್ತು. ಅಜ್ಜಿಗೆ ಸಿಟ್ಟು ತರಿಸಿದ್ದೂ ಇದೇ ಇರಬೇಕು. ಕೇಳಲು ಎಲ್ಲಕ್ಕಿಂತ ಹುರುಪಿನದು. ಕೂತಲ್ಲೇ ಭುಜ ಕುಣಿಯುತ್ತದೆ, ರೊಟ್ಟಿ ಬಡಿಯುವ ಕೈ ತಾನೇ ಆ ಲಯಕ್ಕೆ ಬೀಳುತ್ತದೆ. ಮಾತೂ ಸ್ಪಷ್ಟ. ಮತ್ತೇಕೆ ಎರಡನೆಯದು? ಗುಡುಗುಡಿ ಎಂದರೆ ಹುಕ್ಕಾ. ಮನಸ್ಸೇ ಸಂಚಿ, ಮೋಹವೇ ಕೊಚ್ಚಿ ಹಾಕುವ ಗಾಂಜಾ, ಬುದ್ಧಿಯೇ ಅದಕ್ಕೆ ಹಚ್ಚುವ ಬೆಂಕಿ. ಮೋಹವನ್ನು ಸುಟ್ಟು ಹೊಗೆ ಮಾಡಿಬಿಡು, ಒಳಗಿನ ರೋಗ ಹೋದೀತು ಎಂಬುದು ಪದದ ಒಡಲು. ಭಜನೆಯಲ್ಲಿ ಕೂತವರಿಗೆ ಇದು ತಿಳಿಯುತ್ತದೆ, ಏಕೆಂದರೆ ಅದರ ಹಿಂದೆ ಮುಂದೆ ಅಂಥವೇ ಹತ್ತು ಪದ ಹಾಡಿರುತ್ತಾರೆ. ಡ್ರಮ್ಮಿನ ಪೆಟ್ಟಿಗೆ ಕುಣಿಯುವ ಕಾಲೇಜು ಹುಡುಗರಿಗೆ ಒಳಗಿನ ಮಾತು ಜಾರಿ ಬರೀ ಹುಕ್ಕಾ ಉಳಿದರೆ? ನಗರಗಳಲ್ಲಿ ಹುಕ್ಕಾ ಸೇದುವ ಅಂಗಡಿಗಳೇ ಎದ್ದು ಎಷ್ಟು ತಾಯಂದಿರು ಕಣ್ಣೀರು ಹಾಕಿದ್ದಾರೆ. ಕರ್ನಾಟಕ ಸರ್ಕಾರ 2024ರಲ್ಲಿ ಅವನ್ನು ನಿಷೇಧಿಸಬೇಕಾಯಿತು. ತಪ್ಪು ಶರೀಫರದಲ್ಲ, ರಘು ಅವರದೂ ಅಲ್ಲ. ಆದರೆ ಈ ಪದ ಹಾಡುವವರು ಮೊದಲು ಎರಡು ಮಾತು ಅರ್ಥ ಹೇಳಿ ಹಾಡಬೇಕು. ಕುಪ್ಪೇಲೂರಿನಲ್ಲಿ ಅದನ್ನು ಹೇಳಲು ಯೋಗ್ಯರು ಯಾರೆಂದು ನಾನು ಬಿಡಿಸಿ ಹೇಳಬೇಕೇ?

ಮೂರನೆಯದು 'ಮೈಸೂರ್ ಸೆ ಆಯೀ', ಮೈಸೂರಿನಿಂದ ಬಂದವಳು. ಮಾತು ಹಿಂದಿ, ಆದರೆ ನಡೆ ನಮ್ಮ ಹಳ್ಳಿ ಕುಣಿತದ್ದು. ಪಿಟೀಲು ಚೆನ್ನಾಗಿ ನಗುತ್ತದೆ. ಹಬ್ಬದ ದಿನ ಹೋಳಿಗೆಗೆ ಕಣಕ ನಾದುವಾಗ ಹಚ್ಚಿ ನೋಡಿ, ಅರ್ಧ ಆಯಾಸ ಕಡಿಮೆ. ನಾಲ್ಕನೆಯದು 'ಹೇ ಭಗವಾನ್', ಬಾಳನ್ನು ಇನ್ನೊಮ್ಮೆ ಕೊಡು ಎಂದು ದೇವರನ್ನು ಕೇಳುವ ಹಾಡು. ಇದು ಚೆನ್ನಾಗಿದೆ, ಆದರೆ ಶರೀಫರನ್ನು ಕೇಳಿದ ಕಿವಿಗೆ ಸ್ವಲ್ಪ ಮಕ್ಕಳ ಬೇಡಿಕೆಯಂತೆ ಕಾಣುತ್ತದೆ. ಇನ್ನೊಂದು ಬಾಳು ಸಿಕ್ಕರೂ ಮಾಳಿಗೆ ಸೋರುವುದು ತಪ್ಪೀತೇ ಎಂದು ಅವರು ಕೇಳುತ್ತಿದ್ದರು. ಐದನೆಯದು 'ಖಿಡ್ಕಿ', ಅಂದರೆ ಕಿಟಕಿ, ಗದ್ದಲವಿಲ್ಲದ್ದು, ಮಧ್ಯಾಹ್ನ ಎಲ್ಲರ ಊಟವಾಗಿ ನಿಮಗೊಂದು ಅರ್ಧ ಗಂಟೆ ಸಿಕ್ಕಾಗ ಕೇಳಬಹುದು.

ಉಳಿದ ಮೂರನ್ನು ಒಟ್ಟಿಗೆ ಮುಗಿಸುತ್ತೇನೆ. 'ಹರ್ ಸಾಂಸ್ ಮೇ' ಪ್ರೇಮದ ಹಿಂದಿ ಹಾಡು, ಸಿನಿಮಾದಲ್ಲಿ ಇಂಥವು ನಮಗೆ ಬೇಕಾದಷ್ಟಿವೆ. ಇನ್ನೆರಡು ಇಂಗ್ಲಿಷಿನವು. ನನ್ನಷ್ಟು ನಿನ್ನನ್ನು ಯಾರೂ ಪ್ರೀತಿಸಲಾರರು ಎಂಬುದೊಂದು, ಮುಂಬೈಯಲ್ಲಿ ಪವಾಡಕ್ಕಾಗಿ ಕಾಯುತ್ತಿದ್ದೇನೆ ಎಂಬುದಿನ್ನೊಂದು. ಹುಡುಗರ ವಯಸ್ಸಿಗೆ ಇವು ಸರಿ. ಮುಂಬೈಯ ಹಾಡನ್ನು ಕಡೆಗೆ ಹಾಕಿದೆನಾದರೂ, ಊರು ಬಿಟ್ಟು ಕೆಲಸ ಹುಡುಕಿ ಹೋದ ಮಗನಿರುವ ತಾಯಿಗೆ ಅದರ ಹೆಸರು ಕೇಳಿದರೇ ಕರುಳು ಚುರುಕ್ಕೆಂದೀತು.

ಎಂಟಕ್ಕೆ ಎರಡೇ ಶರೀಫರವು, ಆ ಎರಡೇ ನನ್ನ ಪಟ್ಟಿಯ ತಲೆಗೆ ಬಂದವು. ಕನ್ನಡದ ಅಭಿಮಾನದಿಂದ ಹೀಗೆ ಹಾಕಿದೆಯಾ ಎಂದು ಮನೆಯಲ್ಲಿ ಕೇಳಿದರು. ಸ್ವಲ್ಪ ಇದ್ದೀತು. ಆದರೆ ನೂರಾರು ಬಾಯಲ್ಲಿ ತಿಕ್ಕಿ ತಿಕ್ಕಿ ನುಣುಪಾದ ಹಾಡಿಗೂ ಮೊನ್ನೆ ಮೊನ್ನೆ ಬರೆದ ಹಾಡಿಗೂ ವ್ಯತ್ಯಾಸ ಇರದೆ ಹೋಗುತ್ತದೆಯೇ? ಬೀಸುಕಲ್ಲಿನ ಗೂಟ ನೋಡಿದವರಿಗೆ ಇದು ತಿಳಿಯುತ್ತದೆ.

ಇನ್ನು ಸೋಮವಾರದ ಭಜನೆ. ಸೊಸೆಯಾದ ನೀವು ಯಾರ ಕಡೆಯೂ ಮಾತಾಡಬೇಡಿ. ಮಗನಿಗೆ ಮೂರು ಷರತ್ತು ಹಾಕಿ. ಒಂದು, ಕರೆಂಟಿನ ಗಿಟಾರು ಬೇಡ, ಮರದ ಹೊಟ್ಟೆಯ ಗಿಟಾರು ಸಾಕು. ಗುಡಿಯ ಕಟ್ಟೆಗೆ ಆ ದನಿ ಸಾಲುತ್ತದೆ, ತಬಲಾ, ತಾಳದ ಮೇಲೂ ಹತ್ತುವುದಿಲ್ಲ. ಎರಡು, ಶ್ರುತಿ ಅಜ್ಜಿಯದು. ಪೇಟಿಯಲ್ಲಿ ಅವರು ಕರಿ ಒಂದಕ್ಕೆ ಹಾಡುತ್ತಾರೋ, ಬಿಳಿ ನಾಲ್ಕಕ್ಕೋ ಮೊದಲು ಕೇಳಿಕೊಳ್ಳಲಿ. ಗಿಟಾರಿನ ಕತ್ತಿಗೆ ಸಿಕ್ಕಿಸುವ ಒಂದು ಕ್ಲಿಪ್ಪು ಬರುತ್ತದೆ, ಅದನ್ನು ಮೇಲೆ ಕೆಳಗೆ ಸರಿಸಿ ಯಾವ ಶ್ರುತಿಗಾದರೂ ಕೂಡಿಸಬಹುದು. ವಯಸ್ಸಾದವರ ಗಂಟಲನ್ನು ಗಿಟಾರಿಗೆ ಹೊಂದಿಸು ಎನ್ನುವುದು ಆಗದ ಮಾತು. ಮೂರು, ಆಲ್ಬಮ್ಮಿನ ಧಾಟಿ ಕಟ್ಟಿಟ್ಟು ಅಜ್ಜಿಯ ಧಾಟಿ ಕಲಿಯಲಿ. ದಿನಕ್ಕೊಂದು ನುಡಿಯಂತೆ, ಸಂಜೆ ದೀಪ ಹಚ್ಚಿದ ಮೇಲೆ ಅವರ ಕಾಲ ಬಳಿ ಕೂತು. ಬೇಕಾದರೆ ಅದೇ ಮೊಬೈಲಿನಲ್ಲಿ ಅವರ ದನಿಯನ್ನು ತುಂಬಿಕೊಳ್ಳಲಿ. ಶರೀಫರ ದನಿ ಉಳಿಯಲಿಲ್ಲ, ಇವರದಾದರೂ ಉಳಿದೀತು. ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಿಂದ ಜಾನಪದ ವಿಶ್ವವಿದ್ಯಾಲಯವೇ ಇದೆ, ಇಂಥ ಹಾಡು, ಇಂಥ ಧಾಟಿ ಅಲ್ಲಿ ಓದುವ ವಿಷಯ. ನಿಮ್ಮ ಪಡಸಾಲೆಯಲ್ಲಿ ಅದು ಚಹಾ ಕುಡಿಯುತ್ತ ಕೂತಿದೆ.

ಅಜ್ಜಿ ಒಪ್ಪದಿದ್ದರೆ? ಈ ಸಲ ಹುಡುಗ ತಾಳ ಹಿಡಿದು ಹಿಂದಿನ ಸಾಲಿನಲ್ಲಿ ಕೂಡಲಿ. ಗಿಟಾರು ಗೂಟಕ್ಕೆ ಇರಲಿ, ಮುಂದಿನ ಶ್ರಾವಣಕ್ಕೆ ಹನ್ನೆರಡೇ ತಿಂಗಳು. ಒಪ್ಪಿದರೆ 'ಸೋರುತಿಹುದು' ಒಂದೇ ಪದಕ್ಕೆ ಕೂಡಲಿ, ಗುಡುಗುಡಿಯ ಆಸೆ ಸದ್ಯಕ್ಕೆ ಬೇಡ. ಪಲ್ಲವಿಯನ್ನು ಮೊದಲ ಸಲ ಅಜ್ಜಿ ಒಬ್ಬರೇ ಎತ್ತಿಕೊಳ್ಳಲಿ, ಪೇಟಿ ಸಹ ಸುಮ್ಮನಿರಲಿ. ಎರಡನೆಯ ಸಲ ಮಂಡಳಿಯವರು ದನಿ ಕೂಡಿಸಿದಾಗ ಅವನ ಕೈ ತಂತಿಗೆ ಹೋಗಲಿ.